ಬ್ರೇಕಣ್ಣನ ಪೋರ್ಟ್

ಹೋದ ವರ್ಷ ಬ್ರೇಕಣ್ಣ ತಮ್ಮನ ಮುಖದ ಮೇಲೆ ಧಡಾರನೆ ಬಾಗಿಲು ಹಾಕಿದ್ದ. "ಇನ್ನು ನಿನ್ನ ಹೊಸಿಲು ತುಳಿದ್ರೆ ಕೇಳು" ಎಂದು ಹೊರಟ ತಮ್ಮ ತಿರುಗಿ ನೋಡಿರಲಿಲ್ಲ. ಜಗಳ ಯಾತಕ್ಕೆಂದು ಈಗ ಇಬ್ಬರಿಗೂ ನೆನಪಿಲ್ಲ. ಮಾತು ಬಿಟ್ಟದ್ದನ್ನು ಮಾತ್ರ ಇಬ್ಬರೂ ಮರೆತಿಲ್ಲ.

ಬ್ರೇಕಣ್ಣ ಕಾರು ಓಡಿಸಲು ಕಲಿಸುವವನು. ಕಲಿಯುವವರು ಸ್ಟೇರಿಂಗ್ ಮುಟ್ಟಿದರೆ ಸಾಕು, ಇವನ ಕಾಲು ತನ್ನ ಕಡೆಯ ಬ್ರೇಕಿನ ಮೇಲೆ. ಏನೇ ಕೆಟ್ಟರೂ ಅವನದು ಒಂದೇ ಮದ್ದು: ಆಫ್ ಮಾಡು, ಆನ್ ಮಾಡು.

ಅಣ್ಣತಮ್ಮ ಇಬ್ಬರಿಗೂ ಕಂಪ್ಯೂಟರಿನಲ್ಲಿ ಇಟ್ಟಿಗೆ ಜೋಡಿಸಿ ಊರು ಕಟ್ಟುವ ಆಟದ ಹುಚ್ಚು. ಅಕ್ಕ ಅದನ್ನೇ ಹಿಡಿದಳು. "ಮನೆಗೆ ಬರಲ್ಲ ಅಂದಿದ್ದಾನೆ, ಆಟಕ್ಕೆ ಬರಲ್ಲ ಅಂದಿಲ್ಲ. ನಿನ್ನ ಮನೇಲಿ ಆಟದ ಊರು ನಡೆಸೋ ಸರ್ವರ್ ಇಡು, ಭಾನುವಾರ ಬರ್ತಾನೆ."

ಭಾನುವಾರ ಬೆಳಿಗ್ಗೆ ಬ್ರೇಕಣ್ಣ ಹಳೆಯ ಕಂಪ್ಯೂಟರಿನಲ್ಲಿ ಸರ್ವರ್ ಹಾಕಿ, ಪರದೆ ಆರಿಸಿದ. ಇಂಥ ನಂಬರಿನ ಬಾಗಿಲು, ಅಂದರೆ ಪೋರ್ಟ್, ಕೇಳಿಕೊಂಡು ಹೊರಗಿನಿಂದ ಯಾರಾದರೂ ಬಂದರೆ ಈ ಕಂಪ್ಯೂಟರಿನ ಕಡೆ ಬಿಡು ಎಂದು ರೂಟರಿಗೂ ಹೇಳಿಕೊಟ್ಟ. ಗೇಟಿನ ಕಾವಲುಗಾರನಿಗೆ ನೆಂಟರ ಗುರುತು ಹೇಳಿದ ಹಾಗೆ. ಹೊರಗಿನಿಂದ ಬರಲು ಬೇಕಾದ ವಿಳಾಸವನ್ನು ಅಕ್ಕನ ಕೈಲಿ ತಮ್ಮನಿಗೆ ಮುಟ್ಟಿಸಿದ. ಆಮೇಲೆ ಸೋಫಾದಲ್ಲಿ ಕೂತು, ಮನೆಯ ವೈಫೈಯಲ್ಲೇ ಇದ್ದ ಫೋನಿನಿಂದ ಹೊರಗಿನ ವಿಳಾಸ ಒತ್ತಿ ನೋಡಿದ. ಸರ್ವರ್ ಸಿಗಲಿಲ್ಲ.

ರೂಟರ್ ಆಫ್. ಆನ್. ಆಗಲೂ ಸಿಗಲಿಲ್ಲ.

"ರೀ, ಬರಕ್ಕಾಗ್ತಿದೆಯಾ ಅಂತ ನಿಮ್ಮ ತಮ್ಮನ್ನೇ ಒಂದು ಮಾತು ಕೇಳ್ಬಾರ್ದಾ?" ಎಂದಳು ಹೆಂಡತಿ.

"ನಾನ್ಯಾಕೆ ಕೇಳ್ಲಿ? ಚಿಕ್ಕವನು ಅವನು, ಅವನೇ ಕೇಳ್ಲಿ!"

ಬಟನ್ ಕೊಡಲು ಬಂದ ಪಕ್ಕದ ಮನೆಯ ಟೈಲರಮ್ಮ ಅಲ್ಲೇ ನಿಂತಳು. "ಇಷ್ಟು ಕೆಳಗಿಟ್ರೆ ಅದಕ್ಕೆ ಉಸಿರು ಕಟ್ಟುತ್ತೆ" ಎಂದು ರೂಟರನ್ನು ಬೀರುವಿನ ಮೇಲೇರಿಸಿದಳು. ಏರಿಸುವಾಗ ವೈರು ಕಳಚಿತು. ಮೇಲಿನ ಮನೆಯ ನಿವೃತ್ತ ಲೈನ್‌ಮನ್ ಗಲಾಟೆ ಕೇಳಿ ಕೆಳಗಿಳಿದ. "ಎಂಥೆಂಥಾ ಕಂಬ ಹತ್ತಿದವನು ನಾನು, ಇದ್ಯಾವ ಲೆಕ್ಕ" ಎಂದು ವೈರಿನ ತುದಿ ಕತ್ತರಿಸಿ ಮತ್ತೆ ಜೋಡಿಸಿದ. ಪ್ರತಿ ಸಲವೂ ಬ್ರೇಕಣ್ಣ ಆಫ್ ಮಾಡಿದ, ಆನ್ ಮಾಡಿದ, ಸೋಫಾದಿಂದ ನೋಡಿದ. ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಇಸ್ತ್ರಿ ಪೆಟ್ಟಿಗೆಯಂತೆ ಕಾದಿತ್ತು.

ಆಗ ಫೋನ್ ಹೊಡೆದುಕೊಂಡಿತು. ತಮ್ಮ! ಒಂದು ವರ್ಷದ ಮೇಲೆ!

"ಏನಣ್ಣಾ, ಕರೆಸಿ ಕತ್ತು ಹಿಡಿದು ತಳ್ತೀಯಾ?"

"ನೀನೆಲ್ಲೋ ಬಂದೆ? ಬಾಗಿಲೇ ತೆಗೀತಾ ಇಲ್ಲ!"

"ಬೆಳಿಗ್ಗೆಯಿಂದ ಒಳಗೇ ಇದ್ದೀನಿ! ಚಿಕ್ಕೋರಿದ್ದಾಗ ಪಾರಿವಾಳಕ್ಕೆ ಗೂಡು ಕಟ್ಟಿದ್ವಲ್ಲ, ಅದನ್ನೇ ಕಟ್ತಿದ್ದೆ. ನಾನು ಗೋಡೆ ಎಬ್ಬಿಸೋದು, ನೀನು ಹೊರಗೆ ಹಾಕೋದು!"

ಬ್ರೇಕಣ್ಣ ಸೋಫಾದ ಪರೀಕ್ಷೆಯ ಕತೆ, ಪ್ರತಿ ಸಲ ರೂಟರ್ ಆಫ್ ಮಾಡಿದ ಕತೆ ಹೇಳಿದ. ತಮ್ಮ ನಕ್ಕುಬಿಟ್ಟ.

"ಎಷ್ಟೋ ರೂಟರು ಹಾಗೇ ಅಣ್ಣಾ. ಮನೆಯೊಳಗಿನ ವೈಫೈಯಿಂದ ಹೊರಗಿನ ವಿಳಾಸ ಒತ್ತಿದ್ರೆ ಮುಚ್ಚಿದ ಹಾಗೇ ಕಾಣುತ್ತೆ. ಬಾಗಿಲು ತೆಗೆದಿದೆಯಾ ಅಂತ ಹೊರಗೆ ನಿಂತವನನ್ನ ಕೇಳ್ಬೇಕು."

ಬ್ರೇಕಣ್ಣ ಹೆಂಡತಿಯ ಕಡೆ ನೋಡಿದ. ಅವಳು ಬೆಳಿಗ್ಗೆಯೇ ಅದನ್ನು ಹೇಳಿದ್ದಳು. "ಅವತ್ತೂ ಕೇಳ್ಬೇಕಿತ್ತು ಕಣೋ," ಎಂದ ಮೆಲ್ಲಗೆ. "ಬಾಗಿಲು ಹಾಕೋಕೆ ಮುಂಚೆ."

ತಮ್ಮನ ದನಿಯೂ ಮೆತ್ತಗಾಯಿತು. "ಬರ್ತೀನಿ ಬಿಡು. ಆದ್ರೆ ಇನ್ನೊಂದ್ಸಲ ತಳ್ಳಿದೆ ಅಂದ್ರೆ, ಅಕ್ಕನಾಣೆ, ಆಟಕ್ಕೂ ಇಲ್ಲ, ಫೋನಿಗೂ ಇಲ್ಲ."

"ಬಾರೋ! ತೆಗೆದೇ ಇದೆ!"

ಫೋನಿಟ್ಟು, ಕಣ್ಣೊರೆಸಿಕೊಂಡು ತಿರುಗಿದ. ಲೈನ್‌ಮನ್ ಸ್ಟೂಲಿನಿಂದ ಇಳಿಯುತ್ತಿದ್ದ. ಕೈಯಲ್ಲಿ ಟೈಲರಮ್ಮನ ಗುಂಡುಪಿನ್ನು. ರೂಟರಿನಲ್ಲಿ ಒಂದೂ ದೀಪವಿಲ್ಲ.

"ಸರಿಹೋಯ್ತು ಬ್ರೇಕಣ್ಣಾ! ಹಿಂದೊಂದು ಸಣ್ಣ ತೂತಿತ್ತು, ಚುಚ್ಚಿ ಹಿಡ್ಕೊಂಡೆ. ನೀನು ಹೇಳಿಕೊಟ್ಟಿದ್ದೆಲ್ಲ ಅಳಿಸಿ, ಈಗ ತಾನೇ ಅಂಗಡಿಯಿಂದ ತಂದ ಹಾಗೆ ಮಾಡಿದ್ದೀನಿ!"

ಅಂದರೆ ತಮ್ಮನಿಗೆ ಬಾಗಿಲು ಮತ್ತೆ ಮುಚ್ಚಿತ್ತು! ಬ್ರೇಕಣ್ಣ ಅವನಿಗೆ ಫೋನ್ ಹಚ್ಚಿದ. ಆಗಲೇ ಸ್ವಿಚ್ ಆಫ್. ಬ್ರೇಕಣ್ಣನ ಬಲಗಾಲು ತಾನಾಗಿಯೇ ನೆಲವನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕಿರಲಿಲ್ಲ.