ನಲವತ್ತೇಳನೇ ನಂಬರಿನ ಕುರಿಯವರಿಗೆ, ಚಿತ್ರಾನ್ನದ ವಿಷಯವಾಗಿ

ಯಾರ್ಕ್‌ಷೈರಿನ ಗುಡ್ಡದ ಹುಲ್ಲುಗಾವಲಿನಲ್ಲಿ, ಬೆನ್ನ ಮೇಲೆ ನೀಲಿ ಬಣ್ಣದಲ್ಲಿ ನಲವತ್ತೇಳು ಎಂದು ಬರೆಸಿಕೊಂಡು ವಾಸವಾಗಿರುವ ಮಾನ್ಯ ಕುರಿಯವರಿಗೆ, ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಿಂದ ನೀಲಗಂಗಾ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ, ತಮ್ಮ ಉಣ್ಣೆ, ತಮ್ಮ ಹಲ್ಲು, ತಾವು ಹೋದಲ್ಲೆಲ್ಲ ಹಿಂದೆ ಬರುವ ಅರವತ್ತು ಮಂದಿ ಬಂಧುಬಳಗ, ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಾನು ಐದನೇ ತರಗತಿವರೆಗೆ ಓದಿದವಳು, ಎದುರಿಗೆ ನಿಂತು ಮಾತಾಡಲು ನಾಚುವವಳು. ಆದ್ದರಿಂದ ಹೇಳಬೇಕಾದ್ದನ್ನು ಎಲ್ಲರೂ ಓದುವಂತೆ ಬರೆದೇ ಬಿಡುತ್ತಿದ್ದೇನೆ.

ಕಳೆದ ಜೂನಿನಲ್ಲಿ ತಮ್ಮ ಹುಲ್ಲುಗಾವಲಿನ ಕಾಲುದಾರಿಯಲ್ಲಿ ಬಂದ ಎಂಟು ಹೆಂಗಸರು ತಮಗೆ ನೆನಪಿರಬಹುದು. ನಾವು ಮಾರಿಸ್‌ವಿಲ್‌ನ ಸಂಜೆ ಇಂಗ್ಲಿಷ್ ತರಗತಿಯ ವಿದ್ಯಾರ್ಥಿನಿಯರು. ಇಂಗ್ಲಿಷನ್ನು ಅದರ ತವರುಮನೆಯಲ್ಲೇ ನೋಡಿಬರೋಣವೆಂದು ನಮ್ಮ ಇಂದು ಮೇಡಂ ಆರು ದಿನದ ಪ್ರವಾಸ ಹೊರಡಿಸಿದ್ದರು. ಒಂದು ಕ್ಯಾನ್ ಹಾಲು ತರಲೂ ಕಾರು ಹತ್ತುವ ನಮಗೆ, ಅಲ್ಲಿಯ ಜನ ಯಾವ ಕೆಲಸವೂ ಇಲ್ಲದೆ ಗುಡ್ಡ ಹತ್ತಿ ಇಳಿಯುವುದೇ ಎಲ್ಲಕ್ಕಿಂತ ದೊಡ್ಡ ನೋಟವಾಗಿತ್ತು. ಆದರೆ ಪ್ರವಾಸಕ್ಕೊಂದು ಷರತ್ತಿತ್ತು: ಪ್ರತಿಯೊಬ್ಬಳೂ ಆ ಸೀಮೆಯವರೊಬ್ಬರೊಡನೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ, ಫಾರ್ಮಿನ ಮೇಲೆ ಅವರ ಸಹಿ ತರಬೇಕು. ತಂದರೆ ಎರಡನೇ ಹಂತದ ತರಗತಿ, ತರದಿದ್ದರೆ ಮತ್ತೆ ಮೊದಲನೆಯದು. ಮೊದಲನೆಯದರಲ್ಲಿ ನಾನು ಆಗಲೇ ಎರಡು ಸಲ ಕೂತಿದ್ದೆ. ಮೂರನೆಯ ಸಲವೂ ಮೇಜಿನ ಮೇಲೆ ಪುಸ್ತಕವಿದೆ ಎಂದು ಹೇಳುವ ಶಕ್ತಿ ನನಗೂ ಇರಲಿಲ್ಲ, ಕೇಳಿಸಿಕೊಳ್ಳುವ ಶಕ್ತಿ ಆ ಮೇಜಿಗೂ ಇರಲಿಲ್ಲ.

ಐದು ದಿನ ಸಹಪಾಠಿ ಪ್ರೇಮಾವತಿ ಆಂಟಿಯ ಬೆನ್ನ ಹಿಂದೆ ಅಡಗಿ ಕಳೆದೆ. ಆರನೆಯ ದಿನ, ಬಿದ್ದ ಗೋಡೆಗೆ ಕಲ್ಲು ಜೋಡಿಸುತ್ತಿದ್ದ ತಮ್ಮ ಯಜಮಾನಿಯನ್ನು ಕಂಡು, ಊಟವಾದ ಕೂಡಲೇ ಇವರನ್ನೇ ಮಾತಾಡಿಸುವುದೆಂದು ಗಟ್ಟಿ ಮನಸ್ಸು ಮಾಡಿ, ಹವಾಮಾನದಿಂದ ಶುರುವಾಗುವ ಏಳು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡೆ.

ಇಲ್ಲಿಯವರೆಗೆ ತಮ್ಮ ತಪ್ಪು ಏನೂ ಇಲ್ಲ. ಮುಂದಿನದಕ್ಕೆ ನಾನೇ ಕೈಯಾರೆ ನಾಂದಿ ಹಾಡಿದೆ. ಉಣ್ಣುವ ಮೊದಲು ಹಸುವಿಗೊಂದು ತುತ್ತು ಎತ್ತಿಡುವುದು ನಮ್ಮ ಮನೆಯ ರೂಢಿ. ಮಾರಿಸ್‌ವಿಲ್‌ನಲ್ಲಿ ಹಸು ಸಿಗದೆ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಇಡುತ್ತೇನೆ. ಅಳಿಲು ಬಂದು ತಿಂದು ತನ್ನ ಪಾಡಿಗೆ ತಾನು ಹೋಗುತ್ತದೆ, ನೆಂಟರನ್ನು ಕರೆತರುವುದಿಲ್ಲ. ಅಂದು ಹಸುಗಳೆಲ್ಲ ದೂರದ ಬೇಲಿಯಾಚೆ ಇದ್ದವು, ಎದುರಿಗೆ ಮೇಯುತ್ತಿದ್ದವರು ತಾವೊಬ್ಬರೇ. ನಾನು ತುತ್ತು ಹಿಡಿದು ನಿಂತಿದ್ದನ್ನು ನೋಡಿ ಪ್ರೇಮಾವತಿ ಆಂಟಿ, "ಹಸು ಇಲ್ಲದಿದ್ರೆ ಏನಾಯ್ತು ಮಾರಾಯ್ತಿ, ಇದೂ ಹುಲ್ಲು ತಿನ್ನೋದೇ ಅಲ್ವಾ, ಹಾಕು" ಎಂದರು. ಹಾಕಿದೆ.

ತಾವು ಆ ತುತ್ತನ್ನು ಸ್ವೀಕರಿಸಿದ ಗಾಂಭೀರ್ಯ, ಆಮೇಲೆ ತಲೆಯೆತ್ತಿ ಒಂದೇ ಒಂದು ಸಲ ಕೂಗಿ ಇಡೀ ಬಳಗವನ್ನು ಪಂಕ್ತಿಗೆ ಕರೆದ ಔದಾರ್ಯ, ಎಂಟು ಜನರ ಚಿತ್ರಾನ್ನದ ಡಬ್ಬಿಯೊಳಗೆ ಕಿವಿಯವರೆಗೆ ತಲೆ ಇಳಿಸಿದ ತಲ್ಲೀನತೆ, ಇವನ್ನು ಹೊಗಳಲು ನನ್ನ ಕನ್ನಡವೂ ಸಾಲದು. ಏಳು ಮಂದಿ ಗೋಡೆ ಹಾರಿದರು. ಸೀರೆಯಲ್ಲಿದ್ದ ಪ್ರೇಮಾವತಿ ಆಂಟಿ ಎಲ್ಲರಿಗಿಂತ ಮೊದಲು ಹಾರಿದರು. ಡಬ್ಬಿ ನನ್ನದಾದ್ದರಿಂದ ನಾನೊಬ್ಬಳೇ ಅದರ ಇನ್ನೊಂದು ತುದಿ ಹಿಡಿದು ಉಳಿದೆ.

ಅಷ್ಟರಲ್ಲಿ ಯಜಮಾನಿ ಓಡಿಬಂದು, "ರೈಸ್? ಯೂ ಗೇವ್ ಹರ್ ರೈಸ್?" ಎಂದು ಕಿರುಚಿದರು. ಏಳು ವಾಕ್ಯಗಳಲ್ಲಿ ಒಂದೂ ಆ ಪ್ರಶ್ನೆಗೆ ಹೊಂದಲಿಲ್ಲ. "ಫಸ್ಟ್ ಕೌ, ದೆನ್ ಅಸ್. ಕೌ ಫಾರ್. ಸೋ, ಷಿ" ಎಂದೆ. ಅವರು ಬೈದರು, ನಾನು ಸಾರಿ ಎಂದೆ. ಮತ್ತೆ ಬೈದರು, ಮತ್ತೆ ಸಾರಿ ಎಂದೆ. ಕೊನೆಗೆ ಫಾರ್ಮು ಚಾಚಿದೆ. ಅವರು ಅದನ್ನು ನೋಡಿದ ರೀತಿಗೆ ನಾನೇ ಮಡಿಸಿ ಒಳಗಿಟ್ಟುಕೊಂಡೆ. ಮೊದಲಿನಿಂದಲೂ ಗೋಡೆಯಾಚೆಯೇ ನಿಂತು ಗಡಿಯಾರ ನೋಡುತ್ತಿದ್ದ ಇಂದು ಮೇಡಂ, "ಜಸ್ಟ್ ನಾಲ್ಕು ನಿಮಿಷ ಆಯ್ತು ನೀಲಗಂಗಾ, ಇನ್ನೊಂದು ನಿಮಿಷ ಬೈಸ್ಕೊಂಡಿದ್ರೆ ಕನ್ಸಿಡರ್ ಮಾಡ್ತಿದ್ದೆ" ಎಂದರು.

ಊರಿಗೆ ಮರಳಿ ಎರಡು ವಾರಕ್ಕೆ, ಮೊದಲ ತರಗತಿಯ ಪಟ್ಟಿಯಲ್ಲಿ ನನ್ನ ಹೆಸರು ಮತ್ತೆ ಬಂದ ದಿನ, ಪ್ರವಾಸದಲ್ಲಿ ತೆಗೆದಿದ್ದ ತಮ್ಮ ಗೇಟಿನ ಫಲಕದ ಫೋಟೋದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಗುರುತು ಹೇಳಲು "ರೈಸ್" ಎಂದೆನಷ್ಟೆ, ಯಜಮಾನಿ ನಕ್ಕುಬಿಟ್ಟರು. ತಾವು ಈಗಲೂ ಮಧ್ಯಾಹ್ನವಾದರೆ ಹುಲ್ಲು ಬಿಟ್ಟು ಗೇಟಿನ ಬಳಿ ನಿಲ್ಲುತ್ತೀರಂತೆ. ಬೆನ್ನಿಗೆ ಚೀಲ ಹಾಕಿದವರನ್ನೆಲ್ಲ ತಡೆದು ಮೂಸುತ್ತೀರಂತೆ. ತಮ್ಮನ್ನು ದೂರುತ್ತ ದೂರುತ್ತ ನಮಗೆ ಹತ್ತೊಂಬತ್ತು ನಿಮಿಷವಾಯಿತು. ಸಹಿ ಮಾರನೆಯ ದಿನವೇ ಇಮೇಲಿನಲ್ಲಿ ಬಂತು, ಇಂದು ಮೇಡಂ ಒಪ್ಪಿದರು, ಸೋಮವಾರದಿಂದ ನಾನು ಎರಡನೇ ತರಗತಿಯಲ್ಲಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೋರುವುದಿಷ್ಟೆ: ಇನ್ನು ಮುಂದೆ ಯಾರಾದರೂ ಒಂದು ತುತ್ತು ಕೊಟ್ಟರೆ ಅದು ಒಂದೇ ತುತ್ತೆಂದು ತಿಳಿಯುವುದಾಗಿ ತಮ್ಮ ಗೊರಸಿನ ಮುದ್ರೆಯೊಂದಿಗೆ ಮುಚ್ಚಳಿಕೆ ಬರೆದುಕೊಡಬೇಕು; ಉಳಿದ ಅರವತ್ತು ಮಂದಿಗೂ ಓದಿ ಹೇಳಬೇಕು; ಮತ್ತು ಗೋಡೆ ಹಾರಿದ ಏಳು ಮಂದಿಯ ಹೆಸರು ಕೇಳಿದರೆ ಖಂಡಿತ ಹೇಳಬಾರದು, ಅವರೆಲ್ಲ ಈಗ ನನ್ನ ಪಕ್ಕದಲ್ಲೇ ಕೂರುತ್ತಾರೆ.

ಒಂದು ತುತ್ತಿನ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,
ನೀಲಗಂಗಾ

ವಿ.ಸೂ.: ಅಂದಿನಿಂದ ಎರಡು ದಿನ ತಮಗೆ ಹೊಟ್ಟೆ ಉಬ್ಬರಿಸಿತ್ತೆಂದು ಯಜಮಾನಿ ತಿಳಿಸಿದರು. ದಯವಿಟ್ಟು ಚಿತ್ರಾನ್ನವನ್ನು ದೂರಬೇಡಿ. ಅದರಿಂದ ನಮ್ಮ ಎಂಟು ಮಂದಿಯಲ್ಲಿ ಒಬ್ಬರಿಗೂ ಏನೂ ತೊಂದರೆಯಾಗಲಿಲ್ಲ. ಒಬ್ಬರಿಗೂ ಒಂದು ಅಗುಳೂ ಸಿಗಲಿಲ್ಲ.