ಕುಂಬಳಕಾಯಿಯ ಕೆಳಗಿನ ಸಂಸಾರ

ನನಗೆ ಸಿಟ್ಟೇ ಬರುವುದಿಲ್ಲ ಎಂಬ ವದಂತಿ ನಮ್ಮ ಎರಡೂ ಕಡೆಯ ನೆಂಟರಲ್ಲಿದೆ. ಬರುತ್ತದೆ. ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೆ. ನಾನು ಓದಿದ ಕಾನ್ವೆಂಟಿನಲ್ಲಿ ಹುಡುಗಿಯ ದನಿ ಎರಡನೆಯ ಬೆಂಚನ್ನು ದಾಟಬಾರದೆಂಬ ನಿಯಮವಿತ್ತು. ಹಾಗಾಗಿ ಸಿಟ್ಟು ಬಂದಾಗ ನಾನು ಕರವಸ್ತ್ರ ಮಡಿಸುತ್ತೇನೆ. ಮಾಕಳಿಯ ಬಾಡಿಗೆ ಮನೆಯಲ್ಲಿದ್ದ ನಾಲ್ಕು ವರ್ಷ ನಮ್ಮವರು ಪೀಣ್ಯದ ಕಾರ್ಖಾನೆಗೆ ಒಯ್ದಷ್ಟು ನೀಟಾದ ಕರವಸ್ತ್ರವನ್ನು ಅವರ ಮ್ಯಾನೇಜರೂ ಕಂಡಿರಲಿಕ್ಕಿಲ್ಲ.

ಆ ಮನೆಯ ಬಾಗಿಲ ಮೇಲೆ ದೃಷ್ಟಿ ತಾಗದಿರಲೆಂದು ಹಗ್ಗದಲ್ಲಿ ಬೂದುಗುಂಬಳಕಾಯಿ ತೂಗುಬಿಟ್ಟಿದ್ದರು. ಪ್ರತಿ ಅಮಾವಾಸ್ಯೆಗೆ ಅದನ್ನು ಬದಲಿಸುವುದು ಮನೆ ಮಾಲೀಕರ ತಾಯಿ ಕೆಂಪಮ್ಮಜ್ಜಿಯ ಹಕ್ಕು. ಒಮ್ಮೆ ಅಜ್ಜಿ ಮಗಳ ಮನೆಗೆ ಹೋಗಿ ಒಂದು ಅಮಾವಾಸ್ಯೆ ತಪ್ಪಿತು. ಅಷ್ಟರಲ್ಲಿ ಕಾಯಿಯ ಕೆಳಗೆ ಇಳಿಬಿದ್ದ ಹಗ್ಗದ ತುದಿಗೆ ಒಂದು ಸೂರಕ್ಕಿ ಗೂಡು ಕಟ್ಟಿಬಿಟ್ಟಿತ್ತು. ಹೆಬ್ಬೆರಳಿನಷ್ಟು ಹಕ್ಕಿ. ಜೇಡರ ಬಲೆ, ಒಣಗಿದ ಎಲೆ, ಯಾರೋ ಬಿಸಾಡಿದ ಕ್ಯಾಸೆಟ್ಟಿನ ಕಂದು ಟೇಪು, ನನ್ನದೇ ಕಸೂತಿಯ ಒಂದೆಳೆ ಗುಲಾಬಿ ದಾರ, ಎಲ್ಲ ಸೇರಿಸಿ ಹೆಣ್ಣೊಂದೇ ಕಟ್ಟಿತು. ಗಂಡು ಅದೇ ಹೊತ್ತಿನಲ್ಲಿ ಸ್ಕೂಟರಿನ ಕನ್ನಡಿಯ ಮೇಲೆ ಕೂತು ತನ್ನ ಬಿಂಬದ ಜೊತೆ ಜಗಳವಾಡುತ್ತಿತ್ತು. ಅದು ಹಾರಿದ ಮೇಲೆ ಅದೇ ಕನ್ನಡಿಯಲ್ಲಿ ನಮ್ಮವರು ಕ್ರಾಪು ತೀಡಿಕೊಳ್ಳುತ್ತಿದ್ದರು. ನಾನು ಕರವಸ್ತ್ರ ಮಡಿಸಿದೆ.

ಮೊಟ್ಟೆಯೊಡೆದು ಎರಡು ಮರಿ ಬಂದವು. ಅಮಾವಾಸ್ಯೆಗೆ ಮೂರೇ ದಿನ. ಮರಿಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ. ನಮ್ಮವರಿಗೆ ಹೇಳಿದರೆ, “ನಾವೇ ಬಾಡಿಗೆಗಿರೋದು. ನೀನು ಬೇರೆ ಒಳಬಾಡಿಗೆಗೆ ಬಿಟ್ಟಿದೀಯಾ?” ಎಂದು ತಮ್ಮ ಜೋಕಿಗೆ ತಾವೇ ನಕ್ಕರು. ಸರಿ, ಅಜ್ಜಿಯ ಬಳಿಗೆ ನಾನೇ ಹೋದೆ.

“ಅಜ್ಜಿ, ತಪ್ಪು ತಿಳ್ಕೋಬೇಡಿ. ನಿಮಗೇನೂ ತೊಂದ್ರೆ ಇಲ್ಲ ಅಂದ್ರೆ, ಕಾಯಿ ಕೆಳಗೊಂದು ಗೂಡಿದೆಯಲ್ಲ, ಅದನ್ನ ಸ್ವಲ್ಪ...”

“ನೋಡಿವ್ನಿ ಬುಡವ್ವ. ಅದ್ನೂ ಕಿತ್ತಾಕ್ಬುಟ್ಟು, ಗುಡಿಸ್ಬುಟ್ಟೇ ಹೊಸ್ದು ಕಟ್ತೀನಿ.”

“ಥ್ಯಾಂಕ್ಯೂ ಅಜ್ಜಿ,” ಎಂದು ಬಂದೆ.

ಹೌದು, ಹಾಗೆಯೇ ಎಂದೆ. ಗೇಟು ದಾಟುವಾಗ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಷ್ಟು ಕೋಪ ಬಂತು. ಮೂರು ದಿನ ಎಲ್ಲರ ಮೇಲೂ ಉರಿದೆ: ಅಜ್ಜಿಯ ಮೇಲೆ, ಗಂಡಂದಿರಿಬ್ಬರ ಮೇಲೆ, ಊರ ತುಂಬ ಮರಗಳಿದ್ದರೂ ಬಂದು ಬಂದು ಕುಂಬಳಕಾಯಿಯನ್ನೇ ಹಿಡಿದ ಆ ಹೆಣ್ಣುಹಕ್ಕಿಯ ಮೇಲೆ.

ಅಮಾವಾಸ್ಯೆಯ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೊರಗೆ ಸ್ಟೂಲು ಎಳೆದ ಸದ್ದಾಯಿತು. ಸೌಟು ಹಿಡಿದೇ ಓಡಿದೆ. ಅಜ್ಜಿ ಸ್ಟೂಲು ಹತ್ತಿ ಹಗ್ಗಕ್ಕೆ ಕುಡುಗೋಲು ಹಿಡಿದಿದ್ದರು. ಗೂಡು ಅಲುಗಿದ್ದಕ್ಕೆ ಅಮ್ಮನೇ ಬಂದಳೆಂದುಕೊಂಡು ಎರಡು ಹಳದಿ ಬಾಯಿಗಳು ಅಗಲವಾಗಿ ತೆರೆದುಕೊಂಡವು.

“ಇಳೀರಿ ಕೆಳಗೆ!” ಎಂದು ಯಾರೋ ಕಿರುಚಿದರು. ನಾನೇ. “ಒಳಗೆ ಮರಿಗಳಿವೆ! ಕಣ್ಣೂ ಬಿಟ್ಟಿಲ್ಲ! ಕೈ ತೆಗೀರಿ ಅಂದ್ರೆ ತೆಗೀರಿ!”

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾಲ್ಕು ವರ್ಷದ ಸಿಟ್ಟಿಗೆ ಒಮ್ಮೆ ಬಾಗಿಲು ತೆರೆದರೆ ಅದು ಸರದಿಯಲ್ಲಿ ಬರುವುದಿಲ್ಲ. ಮರಿಗಳ ಹಿಂದೆಯೇ ತಾರಸಿಯ ಬೀಗ ಬಂತು, ಬೇಸಿಗೆಯಲ್ಲಿ ಬಾರದ ನಲ್ಲಿ ನೀರು ಬಂತು, ನಮ್ಮವರ ಜೋಕೂ ಬಂತು. ಹಾಲಿನವನು ಸೈಕಲ್ಲು ನಿಲ್ಲಿಸಿ ಕೇಳಿದ. ನಮ್ಮವರು ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡು ಬಂದವರು ಹಾಗೆಯೇ ಒಳಗೆ ಹೋದರು.

ಅಜ್ಜಿ ನಿಧಾನವಾಗಿ ಸ್ಟೂಲಿನಿಂದ ಇಳಿದರು. “ಮರಿ ಐತಾ? ಮರಿ ಐತೆ ಅಂತ ಯಾವತ್ತವ್ವ ಯೋಳ್ದೆ ನೀನು? ಗೂಡು ಅಂದೆ, ತ್ಯಾಂಕು ಅಂದೆ, ಓಗ್ಬುಟ್ಟೆ. ಬಾಣಂತಿ ಮನೆ ಕೀಳಾಕೆ ನಾನೇನು ರಾಕ್ಸೀನಾ?”

ಯೋಚಿಸಿದೆ. ನಿಜ. ಮರಿ ಎಂಬ ಮಾತನ್ನು ನಾನು ಆಡಿಯೇ ಇರಲಿಲ್ಲ. ತಪ್ಪು ತಿಳಿಯಬೇಡಿ ಎನ್ನುವುದರಲ್ಲೇ ಸಮಯ ಮುಗಿದಿತ್ತು.

“ಹೊಸ ಕಾಯಿ ಕಟ್ಟದಿದ್ರೆ ದೃಷ್ಟಿಗೆ ಏನು ಮಾಡೋದು ಅಜ್ಜಿ?” ಎಂದು ಸಣ್ಣ ದನಿಯಲ್ಲಿ ಕೇಳಿದೆ.

ಅಜ್ಜಿ ನನ್ನ ಕೆದರಿದ ತಲೆಯಿಂದ ಸೌಟಿನವರೆಗೆ ಒಮ್ಮೆ ನೋಡಿದರು. “ಇಂಗೇ ಬಾಗ್ಲಲ್ಲಿ ನಿಂತ್ಕೊ, ಸಾಕು.”

ನಿಂತೆ. ಕಾಗೆ ಬಂದಾಗಲೆಲ್ಲ ಸೌಟು ಹಿಡಿದು ನಿಂತೆ. ಇಷ್ಟು ಕಾದವಳಿಗೆ ಮರಿಗಳು ಹಾರುವುದನ್ನಾದರೂ ನೋಡುವ ಭಾಗ್ಯ ಬೇಡವೇ? ಒಂದು ಬೆಳಿಗ್ಗೆ ಕುಕ್ಕರು ಇಳಿಸಿ ಬರುವಷ್ಟರಲ್ಲಿ ಗೂಡು ಖಾಲಿ. ಅದಕ್ಕೂ ಸಿಟ್ಟು ಬಂತು.

ಮುಂದಿನ ಅಮಾವಾಸ್ಯೆಗೆ ಅಜ್ಜಿ ಕುಂಬಳಕಾಯಿಗಳ ಚೀಲ ಹೊತ್ತು ಬಂದು, ಪಕ್ಕದ ಎರಡು ಮನೆಗೂ ಕಟ್ಟಿ, ನಮ್ಮ ಬಾಗಿಲನ್ನು ದಾಟಿ ಹೊರಟರು.

“ಅಜ್ಜಿ, ನಮಗೆ?”

“ನಿಮ್ಗ್ಯಾಕವ್ವ? ನೀನಿದ್ದೀಯಲ್ಲ!”

“ಥ್ಯಾಂಕ್ಯೂ ಅಜ್ಜಿ,” ಎಂದೆ ನಗುತ್ತ. ಒಳಗೆ ಬಂದು, ಮಡಿಸಿಟ್ಟಿದ್ದ ಆರೂ ಕರವಸ್ತ್ರಗಳನ್ನು ಬಿಚ್ಚಿ ಮತ್ತೆ ಮಡಿಸಿದೆ.