ರೋಮಿನಿಂದ ಲಿಸ್ಬನ್‌ಗೆ ಎಷ್ಟು ತೇರ್ಸ್?

ಬಹಳ ವರ್ಷ ಸಂಸಾರ ಮಾಡಿದವರಿಗೆ ಜಗಳವಾಡಲು ಹೊಸ ವಿಷಯ ಸಿಗುವುದು ಸುಲಭವಲ್ಲ. ಆದರೆ ನನಗೂ ನನ್ನ ಯಜಮಾನರಿಗೂ ಆ ಕೊನೆಯ ಶುಕ್ರವಾರವೂ ಒಂದು ಸಿಕ್ಕಿತ್ತು: ರೋಮಿನಿಂದ ಲಿಸ್ಬನ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು? ವಾರದ ರಜೆಯ ಪೂಜೆ ಮುಗಿಸಿ ಇಗರ್ಜಿಯಿಂದ ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿಗೆ ಮರಳಿ ನಾನು ಅಂಜಲ್ ಮೀನು ಹುರಿಯುತ್ತಿದ್ದೆ. ಇವರು ಮೇಜಿನ ಮೇಲೆ ಟಿಕೆಟ್ ಹರಡಿಕೊಂಡಿದ್ದರು. ರೋಮ್ ನೋಡಿ, ಲಿಸ್ಬನ್‌ಗೆ ಹಾರಿ, ಅಲ್ಲಿಗೆ ಹತ್ತಿರದ ಫಾತಿಮಾ ಮಾತೆಯ ಕ್ಷೇತ್ರಕ್ಕೆ ಹೋಗಿ ರೋಮಿಗೆ ಮರಳುವುದು ನಮ್ಮ ಬಹುಕಾಲದ ಆಸೆ.

ಹಮದ್ ಬಂದರಿನಲ್ಲಿ ಹಡಗುಗಳ ನಡುವೆ ದುಡಿಯುವ ಈ ಮನುಷ್ಯನಿಗೆ ವಿಮಾನವೆಂದರೆ ಹೆದರಿಕೆ. ರಜೆಯಲ್ಲಿ ಮಂಗಳೂರಿಗೆ ಹೊರಟಾಗಲೆಲ್ಲ ಬೆಲ್ಟ್ ಕಟ್ಟಿದ ಕೂಡಲೇ ನನ್ನ ಕೈ ಹಿಡಿದು ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಶುರು. ಅರ್ಧ ನಾನು ಹೇಳಬೇಕು, ಉಳಿದರ್ಧ ಇವರು. ಒಂದು ತೇರ್ಸಿಗೆ ಇಪ್ಪತ್ತು ನಿಮಿಷ. ಹಾಗಾಗಿ ನಮ್ಮ ಮನೆಯಲ್ಲಿ ಆಕಾಶದ ದೂರವನ್ನು ಅಳೆಯುತ್ತಿದ್ದುದು ತೇರ್ಸಿನಲ್ಲಿ.

"ಆರು ತೇರ್ಸ್. ಹತ್ತಕ್ಕೆ ಬಿಟ್ಟು ಹನ್ನೆರಡಕ್ಕೆ ಮುಟ್ತದೆ," ಎಂದರು ಇವರು.

"ಒಂಬತ್ತು. ಸಾವಿರದ ಎಂಟುನೂರು ಚಿಲ್ಲರೆ ಕಿಲೋಮೀಟರ್, ಮೂರು ಗಂಟೆ ಅಂತ ಮೊಬೈಲ್‌ನಲ್ಲಿ ಉಂಟು."

"ಮೊಬೈಲಿಗೆ ಎಂತ ಗೊತ್ತು ಮಾರಾಯ್ತಿ? ಟಿಕೆಟ್ ಕೊಟ್ಟವರಿಗಿಂತ ಹೆಚ್ಚಾ?"

"ಹಾಗಾದ್ರೆ ಬರುವಾಗ ಟಿಕೆಟಲ್ಲಿ ನಾಲ್ಕು ಗಂಟೆ ಯಾಕೆ?"

ಇವರು ಮೀನಿನ ಮುಳ್ಳು ತೆಗೆಯುತ್ತಾ ಯೋಚಿಸಿದರು. "ಬರುವಾಗ ಲಗೇಜ್ ಜಾಸ್ತಿ ಇರ್ತದಲ್ಲ."

ಬೇರೆಯವರು ನಗಬಹುದು. ಜೀವಮಾನವಿಡೀ ವಿಮಾನ ನಿಲ್ದಾಣದ ತಕ್ಕಡಿಯ ಮುಂದೆ ಪೆಟ್ಟಿಗೆ ಬಿಚ್ಚಿ ಕಟ್ಟಿದ ಗಲ್ಫಿನವರಿಗೆ ಇದು ಸರಿಯೆಂದೇ ತೋರುತ್ತದೆ. ನಾನಂತೂ ನಂಬಿ, ತರಬೇಕೆಂದಿದ್ದ ಮಾತೆಯ ಪ್ರತಿಮೆಗಳಲ್ಲಿ ಎರಡನ್ನು ಮನಸ್ಸಿನಲ್ಲೇ ಕಡಿಮೆ ಮಾಡಿದೆ. ಆದರೆ ಒಂಬತ್ತನ್ನು ಬಿಟ್ಟುಕೊಡಲಿಲ್ಲ.

ಮರುದಿನ ಡ್ಯೂಟಿಯಲ್ಲಿದ್ದಾಗಲೇ ಇವರ ಹೃದಯ ನಿಂತಿತು.

ಪ್ರಯಾಣ ಬೇಡವೆಂದೆ. ಮಗಳು ಶರಲ್ ಕೇಳಲಿಲ್ಲ. "ಮಮ್ಮಿ, ನಾನು ಬರ್ತೇನೆ. ನಾವು ಹೋಗುವ. ಯಲ್ಲಾ, ಹೊರಡಿ." ಹೊರಡುವ ದಿನ ಹತ್ತಿರವಾದಂತೆ, ಹೇಳಲು ನಾಚಿಕೆ, ನನಗೆ ಶಾಲೆಯ ಪಿಕ್ನಿಕ್ಕಿಗೆ ಹೊರಟ ಹುಡುಗಿಯ ಸಂಭ್ರಮ. ರೋಮಿನಲ್ಲಿ ಏನೇನು ನೋಡಿದೆನೋ, ತಲೆಯಲ್ಲಿದ್ದುದು ಒಂದೇ: ಆರೋ, ಒಂಬತ್ತೋ?

ವಿಮಾನ ಏರಿತು. ಕೆಳಗೆ ನೀಲಿ ಸಮುದ್ರ, ಮೇಲೆ ಬಿಸಿಲು. ಶರಲ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಪ್ರಾರ್ಥನೆಯ ಎರಡೂ ಅರ್ಧಗಳನ್ನು ನಾನೇ ಹೇಳಿಕೊಂಡೆ. ಆರು ಮುಗಿದಾಗ ಕಿಟಕಿಯಲ್ಲಿ ಇಣುಕಿದೆ, ಇನ್ನೂ ಆಕಾಶ. ಏಳು, ಎಂಟು. ಒಂಬತ್ತು ಮುಗಿಯುವುದಕ್ಕೂ ಚಕ್ರ ನೆಲ ಮುಟ್ಟುವುದಕ್ಕೂ ಸರಿಹೋಯಿತು. ಆದರೆ ನಿಲ್ದಾಣದ ಗಡಿಯಾರದಲ್ಲಿ ಹನ್ನೆರಡು. ಎರಡೇ ಗಂಟೆಯಲ್ಲಿ ಒಂಬತ್ತು! ಅಷ್ಟು ಗಡಿಬಿಡಿಯಲ್ಲಿ ಜಪ ಮಾಡಿದೆನೇ, ಇದನ್ನೂ ಪಾಪನಿವೇದನೆಯಲ್ಲಿ ಹೇಳಬೇಕೇ ಎಂದು ದಿಗಿಲಾಯಿತು.

"ಮಮ್ಮಿ, ಇಲ್ಲಿ ಟೈಮ್ ರೋಮಿಗಿಂತ ಒಂದು ಗಂಟೆ ಹಿಂದೆ," ಎಂದಳು ಶರಲ್. "ದೋಹಾ ಟೈಮ್ ಬೇರೆ, ಊರಿನ ಟೈಮ್ ಬೇರೆ ಇಲ್ವಾ? ಹಾಗೇ."

"ಯುರೋಪಿನಲ್ಲಿ ಎಲ್ಲ ಕಡೆ ಒಂದೇ ನೋಟು ಓಡ್ತದಲ್ಲ. ಗಡಿಯಾರವೂ ಒಂದೇ ಅಂತ ಮಾಡಿದ್ದೆ."

ಅವಳು ನಕ್ಕು ನಕ್ಕು ಟ್ರಾಲಿಗೆ ಒರಗಿದಳು. ನಾನೂ ನಕ್ಕೆ, ಅಷ್ಟು ದಿನಗಳಲ್ಲಿ ಮೊದಲ ಬಾರಿ.

ಮರಳುವಾಗ ಹಟಕ್ಕೆ ಬಿದ್ದು ಪ್ರತಿಮೆ, ಮೇಣದಬತ್ತಿ ಎಂದು ಪೆಟ್ಟಿಗೆ ತುಂಬಿದೆ. ಆಗಲೂ ಒಂಬತ್ತೇ. ಲಗೇಜಿನದು ಏನೂ ತಪ್ಪಿರಲಿಲ್ಲ. ಖುಷಿ ತಡೆಯದೆ, "ನೋಡಿದ್ರಾ?" ಎಂದು ಪಕ್ಕಕ್ಕೆ ತಿರುಗಿದೆ. ಶರಲ್ ನಿದ್ದೆ ಹೋಗಿದ್ದಳು. ವಾದವನ್ನು ಪೂರ್ತಿ ನಾನೇ ಗೆದ್ದಿದ್ದೆ. ಅಲ್ಲ ಎನ್ನುವವರು ಪಕ್ಕದಲ್ಲಿರಲಿಲ್ಲ. ಈಗಲೂ ಇಲ್ಲ.